ಬರ್ಲಿನ್‌ನ ಅರಮನೆ ಬಯಲು: ಊರಿಂದ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬರ್ಲಿನ್‌ಗೆ ಬಂದದ್ದು 2010ರಲ್ಲಿ. ಬೇಸಿಗೆ ಬಂತೆಂದರೆ ಊರಿಂದ ಯಾರಾದರೂ ಒಬ್ಬರು ಬಂದೇ ಬರುತ್ತಾರೆ, ಅವರನ್ನು ಸುತ್ತಾಡಿಸುವ ಕೆಲಸ ನನ್ನ ಪಾಲಿಗೆ. ಬ್ರಾಂಡೆನ್‌ಬುರ್ಗ್ ಹೆಬ್ಬಾಗಿಲಿಂದ ಉಂಟರ್ ಡೆನ್ ಲಿಂಡೆನ್ ರಸ್ತೆಯಲ್ಲಿ ಒಂದೂವರೆ ಕಿಲೋಮೀಟರ್ ನಡೆದು ಸೇತುವೆ ದಾಟಿದರೆ ಬಲಗಡೆ ಒಂದು ಭಾರಿ ಅರಮನೆ. ಅಲ್ಲಿಗೆ ಬರುವ ಹೊತ್ತಿಗೆ ಎಲ್ಲರ ಕಾಲೂ ಸೋತಿರುತ್ತವೆ. ಮೆಟ್ಟಿಲ ಮೇಲೆ ಕೂತು ನೀರು ಕುಡಿಯುತ್ತಾ ಪ್ರಶ್ನೆ ಶುರು ಮಾಡುತ್ತಾರೆ. ಹದಿನೈದು ವರ್ಷದಿಂದ ಹೆಚ್ಚೂಕಮ್ಮಿ ಅವೇ ಪ್ರಶ್ನೆಗಳು. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ. ಬರುವ ಮುಂಚೆ ಓದಿಕೊಂಡರೆ ಅಲ್ಲಿ ಸುಮ್ಮನೆ ಕೂತು ನೀರು ಕುಡಿಯಬಹುದು.

ಇದು ಎಷ್ಟು ಹಳೇ ಅರಮನೆ?

ಹಳೇದಲ್ಲ. ಅಡಿಗಲ್ಲು ಹಾಕಿದ್ದು 2013ರ ಜೂನ್‌ನಲ್ಲಿ, ಜನರನ್ನು ಒಳಗೆ ಬಿಟ್ಟದ್ದು 2021ರ ಜುಲೈನಲ್ಲಿ. ಒಳಗೆಲ್ಲ ಕಾಂಕ್ರೀಟು. ಹೊರಗೆ ಮೂರು ಬದಿಗೆ ಮರಳುಗಲ್ಲಿನ ಕೆತ್ತನೆ ಹೊದಿಸಿ, ಇಲ್ಲಿ ಹಿಂದೆ ಇದ್ದ ಬರೋಕ್ (ಕೆತ್ತನೆ ತುಂಬಿದ ಹಳೇ ಯುರೋಪಿನ ಶೈಲಿ) ಅರಮನೆಯ ಮುಖವನ್ನು ಮತ್ತೆ ಮಾಡಿದ್ದಾರೆ. ನಾಲ್ಕನೇ ಬದಿ, ನದಿಯ ಕಡೆಯದು, ಹೊಸ ಕಾಲದ ಚೌಕ ಚೌಕ ಗೋಡೆ. ವಾಸ್ತುಶಿಲ್ಪಿ ಇಟಲಿಯ ಫ್ರಾಂಕೊ ಸ್ಟೆಲ್ಲಾ. ಕಟ್ಟಡದ ಹೆಸರು ಹುಂಬೋಲ್ಟ್ ಫೋರಂ, ಒಳಗಿರುವುದು ಮ್ಯೂಸಿಯಂಗಳು.

ನನ್ನ ಮಾವ ಮೂವತ್ತು ವರ್ಷ ಹಾಸನದಲ್ಲಿ ಕಟ್ಟಡ ಕಂಟ್ರಾಕ್ಟರ್ ಆಗಿದ್ದವರು. ಅವರಿಗೆ ನಾನೇನೂ ಹೇಳಬೇಕಾಗಲಿಲ್ಲ. ಕಂಬದ ಬುಡಕ್ಕೆ ಕೈಯಿಟ್ಟು, ಅಂಚನ್ನು ಹೆಬ್ಬೆರಳಲ್ಲಿ ಸವರಿ, "ಇದರ ಮೂಲೆ ಇನ್ನೂ ಕೈಗೆ ಕುಯ್ಯುತ್ತೆ ಕಣಪ್ಪ, ಮುನ್ನೂರು ವರ್ಷದ ಕಲ್ಲು ಹೀಗಿರೋದಿಲ್ಲ" ಅಂದರು. ಈ ಬರಹದಲ್ಲಿರುವ ಒಳ್ಳೆಯ ಪ್ರಶ್ನೆಗಳೆಲ್ಲ ಅವರವು.

ಹಾಗಾದರೆ ಈ ಜಾಗದಲ್ಲಿ ಮೊದಲು ಏನಿತ್ತು?

1443ರಲ್ಲಿ ಇಲ್ಲಿ ಕೋಟೆ-ಅರಮನೆಗೆ ಅಡಿಗಲ್ಲು ಬಿತ್ತು. ಊರಿನವರಿಗೆ ಅದು ಬೇಡವಾಗಿತ್ತು. ಕಟ್ಟುವ ಜಾಗಕ್ಕೆ ನದಿ ನೀರು ನುಗ್ಗಿಸಿದರು ಅನ್ನುವುದು ಬರ್ಲಿನ್ನರು ಇವತ್ತಿಗೂ ಹೆಮ್ಮೆಯಿಂದ ಹೇಳುವ ಕಥೆ. 1700ರ ಆಸುಪಾಸಿನಲ್ಲಿ ವಾಸ್ತುಶಿಲ್ಪಿ ಆಂಡ್ರೆಯಾಸ್ ಶ್ಲ್ಯೂಟರ್ ಅದಕ್ಕೆ ಬರೋಕ್ ರೂಪ ಕೊಟ್ಟ. 1945ರಲ್ಲಿ ಬಾಂಬು. 1950ರಲ್ಲಿ ಡೈನಮೈಟು. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಬಯಲು. ಯುದ್ಧದ ನಂತರ ಜರ್ಮನಿ ಎರಡಾಗಿತ್ತು, ಬರ್ಲಿನ್‌ನ ಈ ಭಾಗ ಕಮ್ಯುನಿಸ್ಟ್ ಪೂರ್ವ ಜರ್ಮನಿಯ ಪಾಲಿಗೆ. 1976ರಲ್ಲಿ ಪೂರ್ವ ಜರ್ಮನಿ ಇಲ್ಲಿ ಕಟ್ಟಿದ್ದು ಪಲಾಸ್ಟ್ ಡೇರ್ ರೆಪುಬ್ಲಿಕ್, ಅಂದರೆ ಗಣರಾಜ್ಯದ ಅರಮನೆ. 2006ರಿಂದ 2008ರ ತನಕ ಅದನ್ನೂ ಕೆಡವಿದರು. ಮತ್ತೆ ಬಯಲು. ಈಗ ಇದು.

ಒಂದೇ ಜಾಗ, ಎರಡು ಸಲ ಕೆಡವಿದ್ದು, ಎರಡು ಸಲ ಖಾಲಿ ಬಿದ್ದದ್ದು. ನಾನು ಬಂದಾಗ ಇದ್ದದ್ದು ಎರಡನೇ ಖಾಲಿ.

ಹಳೇ ಅರಮನೆ ಯುದ್ಧದಲ್ಲೇ ಹೋಯ್ತಲ್ಲವಾ?

ಎಲ್ಲರೂ ಹಾಗೇ ಅಂದುಕೊಂಡಿರುತ್ತಾರೆ. 1945ರ ಫೆಬ್ರವರಿ 3ರ ಬಾಂಬಿಗೆ ಅದು ಸುಟ್ಟಿತು ನಿಜ, ಆದರೆ ಹೊರಗೋಡೆಗಳು ಬಹುಪಾಲು ನಿಂತೇ ಇದ್ದವು. ಯುದ್ಧ ಮುಗಿದ ಮೇಲೆ ಅಳಿದುಳಿದ ಕೋಣೆಗಳನ್ನು ರಿಪೇರಿ ಮಾಡಿ 1946ರಿಂದ 1948ರ ತನಕ ಚಿತ್ರಪ್ರದರ್ಶನಗಳನ್ನೂ ನಡೆಸಿದರು. ಪೂರ್ವ ಜರ್ಮನಿಯ ನಾಯಕ ವಾಲ್ಟರ್ ಉಲ್ಬ್ರಿಖ್ತ್‌ಗೆ ಮೆರವಣಿಗೆಗೆ ಮೈದಾನ ಬೇಕಿತ್ತು, ಕೈಸರ್‌ನ (ಹಳೇ ಚಕ್ರವರ್ತಿಯ) ಅರಮನೆ ಕಣ್ಣೆದುರು ಬೇಡವಾಗಿತ್ತು. 1950ರ ಸೆಪ್ಟೆಂಬರ್ 7ರಿಂದ ಡಿಸೆಂಬರ್ 30ರ ತನಕ ಒಂದೊಂದೇ ಭಾಗಕ್ಕೆ ಮದ್ದು ಇಟ್ಟು ಉರುಳಿಸಿದರು. ಯುದ್ಧದಲ್ಲಿ ಹಾಳಾಗಿತ್ತು, ರಿಪೇರಿ ಮಾಡಲು ಸಾಧ್ಯವಿರಲಿಲ್ಲ ಅನ್ನುವುದು ಹೇಳಿಕೊಂಡ ಕಾರಣ.

ಒಂದೇ ಒಂದು ಹೆಬ್ಬಾಗಿಲನ್ನು ಮಾತ್ರ ಉಳಿಸಿದರು. 1918ರ ನವೆಂಬರ್ 9ರಂದು ಎಡಪಂಥೀಯ ನಾಯಕ ಕಾರ್ಲ್ ಲೀಬ್ಕ್‌ನೆಖ್ತ್ ಅರಮನೆಯಿಂದ ಸಮಾಜವಾದಿ ಗಣರಾಜ್ಯ ಘೋಷಿಸಿದ್ದನಲ್ಲ, ಆ ಬಾಲ್ಕನಿ ಇದ್ದ ಬಾಗಿಲು. ಅದನ್ನು ಪಕ್ಕದಲ್ಲೇ 1964ರಲ್ಲಿ ಮುಗಿದ ಸರ್ಕಾರಿ ಕಟ್ಟಡದ ಎದೆಗೆ ಅಂಟಿಸಿದ್ದಾರೆ. ಮನೆ ಬೀಳಿಸಿ ಹೊಸಿಲು ಮಾತ್ರ ಎತ್ತಿಟ್ಟುಕೊಂಡ ಹಾಗೆ.

ಆ ಗಣರಾಜ್ಯದ ಅರಮನೆಯಲ್ಲಿ ಯಾರು ವಾಸ ಮಾಡುತ್ತಿದ್ದರು?

ಯಾರೂ ಇಲ್ಲ. ಹೆಸರಷ್ಟೇ ಅರಮನೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ವಿಧಾನಸೌಧದ ಒಂದು ಸಭಾಂಗಣ, ರವೀಂದ್ರ ಕಲಾಕ್ಷೇತ್ರ, ಒಂದು ಕಲ್ಯಾಣ ಮಂಟಪ, ನಾಲ್ಕಾರು ದರ್ಶಿನಿ, ಮೇಲೆ ಒಂದು ಬೌಲಿಂಗ್ ಆಟದ ಮನೆ, ಇಷ್ಟನ್ನೂ ಒಂದೇ ಸೂರಿನ ಕೆಳಗೆ ತಂದರೆ ಹೇಗಿರುತ್ತೋ ಹಾಗೆ.

180 ಮೀಟರ್ ಉದ್ದ, 85 ಮೀಟರ್ ಅಗಲ. ಬಿಳಿ ಅಮೃತಶಿಲೆ, ನಡುವೆ ಕಂಚಿನ ಬಣ್ಣದ ಕನ್ನಡಿ ಗಾಜು. ಸಂಜೆ ಬಿಸಿಲಿಗೆ ಎದುರಿನ ಕ್ಯಾಥೆಡ್ರಲ್‌ನ ಗುಮ್ಮಟ ಆ ಗಾಜಿನಲ್ಲಿ ಚಿನ್ನದ ಬಣ್ಣಕ್ಕೆ ಕಾಣುತ್ತಿತ್ತು. ಹಳೇ ಪೋಸ್ಟ್‌ಕಾರ್ಡುಗಳಲ್ಲೆಲ್ಲ ಅದೇ ಚಿತ್ರ. ಹೈನ್ತ್ಸ್ ಗ್ರಾಫುಂಡರ್ ಮುಂದಾಳತ್ವದ ತಂಡದ ವಿನ್ಯಾಸ. 1973ರ ನವೆಂಬರ್‌ನಲ್ಲಿ ಅಡಿಗಲ್ಲು, 1976ರ ಏಪ್ರಿಲ್ 23ಕ್ಕೆ ಉದ್ಘಾಟನೆ. ಎರಡೂವರೆ ವರ್ಷದಲ್ಲಿ ಇಷ್ಟು ಮುಗಿಸಿದರು ಅಂದಾಗ ಮಾವ ನಂಬಲೇ ಇಲ್ಲ.

ಒಳಗೆ ಒಂದು ಕಡೆ ಸಂಸತ್ತು. ಅದು ವರ್ಷಕ್ಕೆ ಕೆಲವೇ ದಿನ ಸೇರಿ, ಕೈಯೆತ್ತಿ, ಮನೆಗೆ ಹೋಗುವ ಸಂಸತ್ತು. ಇನ್ನೊಂದು ಕಡೆ ಆರು ಮೂಲೆಯ ದೊಡ್ಡ ಸಭಾಂಗಣ, ಸುಮಾರು 5,000 ಜನ ಹಿಡಿಸುವಂಥದ್ದು. ಆಸನಗಳ ದೊಡ್ಡ ದೊಡ್ಡ ತುಂಡುಗಳನ್ನೇ ಯಂತ್ರದಿಂದ ಎತ್ತಿ ವಾಲಿಸಿ, ಇವತ್ತು ಆಳುವ ಕಮ್ಯುನಿಸ್ಟ್ ಪಕ್ಷದ ಮಹಾಧಿವೇಶನ, ನಾಳೆ ನೃತ್ಯಕೂಟ, ನಾಡಿದ್ದು ಸಂಗೀತ ಅಂತ ಹಾಲ್‌ನ ಆಕಾರವನ್ನೇ ಬದಲಾಯಿಸುತ್ತಿದ್ದರು. ಪಶ್ಚಿಮದ ರಾಕ್ ಹಾಡುಗಾರ ಉಡೊ ಲಿಂಡೆನ್‌ಬರ್ಗ್ 1983ರ ಅಕ್ಟೋಬರ್‌ನಲ್ಲಿ ಹಾಡಿದ್ದು ಇಲ್ಲೇ, ಒಳಗೆ ಆರಿಸಿ ಕೂರಿಸಿದ ಪಕ್ಷದ ಯುವಕರ ಮುಂದೆ. ಅವನ ನಿಜವಾದ ಅಭಿಮಾನಿಗಳು ಹೊರಗೆ ನಿಂತಿದ್ದರು.

ನಡುವಿನ ಪಡಸಾಲೆಯಲ್ಲಿ ಗಾಜಿನ ಹೂವಿನ ದೊಡ್ಡ ಶಿಲ್ಪ, ಸುತ್ತ ಕಲಾವಿದರ ದೊಡ್ಡ ಚಿತ್ರಗಳು, ತಲೆಯ ಮೇಲೆ ಸಾವಿರಾರು ಗುಂಡು ದೀಪಗಳು. ಆಗಿನ ನಾಯಕ ಎರಿಖ್ ಹೋನೆಕರ್. ಜನ ಅಡ್ಡಹೆಸರಿಟ್ಟರು: "ಎರಿಖ್‌ನ ದೀಪದಂಗಡಿ". ಬೌಲಿಂಗ್ ಇತ್ತು, ಅಂಚೆ ಕಚೇರಿ ಇತ್ತು, ಸಣ್ಣ ರಂಗಮಂದಿರ ಇತ್ತು, ಹೋಟೆಲು-ಬಾರು ಸೇರಿ ಹದಿಮೂರು.

ಮಾಮೂಲಿ ಜನಕ್ಕೆ ಒಳಗೆ ಬಿಡುತ್ತಿದ್ದರಾ?

ಬಿಡುತ್ತಿದ್ದರು. ಅದೇ ಅದರ ವಿಶೇಷ. ಗೂಢಚಾರರ ಕಣ್ಣು ಇರಲಿಲ್ಲ ಅಂತಲ್ಲ, ಇತ್ತು. ಆದರೂ ಚಳಿಗಾಲದಲ್ಲಿ ಬೆಚ್ಚಗೆ ಕೂರಲು, ಕಡಿಮೆ ದುಡ್ಡಿಗೆ ಊಟ ಮಾಡಲು, ಹುಡುಗಿಯ ಜತೆ ಬರಲು ಇದು ಜಾಗ. ನಮ್ಮ ಬಿಲ್ಡಿಂಗಿನ ಎರಡನೇ ಮಹಡಿಯ ಅಜ್ಜಿ ಪೂರ್ವ ಬರ್ಲಿನ್‌ನಲ್ಲೇ ಹುಟ್ಟಿದವರು. ಅವರ ಅಡುಗೆಮನೆಯ ಶೆಲ್ಫಿನಲ್ಲಿ ಆ ಅರಮನೆಯ ಗುರುತಿರುವ ಒಂದು ಬಿಳಿ ಕಾಫಿ ಕಪ್ಪು ಇದೆ, ಹಿಡಿ ಸ್ವಲ್ಪ ಮುಕ್ಕಾಗಿದೆ. ಕೊಂಡದ್ದಾ ಅಂತ ಕೇಳಿದೆ. "ಕೈಚೀಲಕ್ಕೆ ತಾನಾಗಿ ಬಂತು" ಅಂದರು.

ಬರ್ಲಿನ್ ಗೋಡೆ ಬಿದ್ದಾಗ ಇಲ್ಲಿ ಏನಾಯ್ತು?

1989ರ ಅಕ್ಟೋಬರ್ 7ಕ್ಕೆ ಪೂರ್ವ ಜರ್ಮನಿಗೆ 40 ವರ್ಷ. ಇದೇ ಕಟ್ಟಡದಲ್ಲಿ ಸೋವಿಯತ್ ನಾಯಕ ಗೋರ್ಬಚೇವ್ ಜತೆ ಭೋಜನಕೂಟ ನಡೆಯುತ್ತಿದ್ದರೆ, ಹೊರಗೆ ಜನ "ಗೋರ್ಬಿ, ಗೋರ್ಬಿ" ಅಂತ ಕೂಗುತ್ತಿದ್ದರು. ತಿಂಗಳೊಪ್ಪತ್ತಿನಲ್ಲಿ ಗೋಡೆಯೇ ಬಿತ್ತು. ಮರುವರ್ಷ ಮಾರ್ಚ್‌ನಲ್ಲಿ ಮುಕ್ತವಾಗಿ ಚುನಾಯಿತವಾದ ಸಂಸತ್ತು ಇದೇ ಕಟ್ಟಡದಲ್ಲಿ ಕೂತು, 1990ರ ಆಗಸ್ಟ್ 23ರ ನಸುಕಿನಲ್ಲಿ, ಪಶ್ಚಿಮದ ಜತೆ ಸೇರಲು ಮತ ಹಾಕಿತು: ಪರ 294, ವಿರೋಧ 62, ತಟಸ್ಥ 7. ಅಲ್ಲಿಯ ತನಕ ಸುಮ್ಮನೆ ಕೈಯೆತ್ತುತ್ತಿದ್ದ ಸಭಾಂಗಣದಲ್ಲಿ ನಿಜವಾದ ಮತ ಎಣಿಸಿದ್ದು ಆ ಕೆಲವು ತಿಂಗಳು ಮಾತ್ರ. ನಾಲ್ಕು ವಾರ ಕಳೆದು, ಸೆಪ್ಟೆಂಬರ್ 19ಕ್ಕೆ, ಕಟ್ಟಡಕ್ಕೆ ಬೀಗ. ಕಾರಣ: ಕಲ್ನಾರು.

ಕಲ್ನಾರು ಅಂದರೆ ಆಸ್ಬೆಸ್ಟಾಸ್ ತಾನೆ? ನಮ್ಮ ಶೀಟಿನ ಮನೆಗಳೆಲ್ಲ ಅದೇ ಅಲ್ಲವಾ?

ಅದೇ. ಆದರೆ ರೂಪ ಬೇರೆ. ಈ ಪ್ರಶ್ನೆಗೆ ನಾನು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಕೇಳುವವರಲ್ಲಿ ಅರ್ಧ ಜನ ಶೀಟಿನ ಸೂರಿನ ಕೆಳಗೆ ಬೆಳೆದವರು.

ನಮ್ಮ ಕಡೆಯ ಶೀಟಿನಲ್ಲಿ ಕಲ್ನಾರಿನ ಎಳೆಗಳನ್ನು ಸಿಮೆಂಟಿನಲ್ಲಿ ಕಲಸಿ ಗಟ್ಟಿ ಮಾಡಿರುತ್ತಾರೆ. ಸುಮ್ಮನಿದ್ದರೆ ಎಳೆ ಹೊರಗೆ ಬರುವುದು ಕಡಿಮೆ. ಕೊರೆದಾಗ, ಗರಗಸ ಹಾಕಿದಾಗ, ಒಡೆದಾಗ, ಹಳತಾಗಿ ಮೇಲ್ಮೈ ಉದುರತೊಡಗಿದಾಗ ಅಪಾಯ. ಬರ್ಲಿನ್‌ನ ಕಟ್ಟಡದ್ದು ಉಕ್ಕಿನ ಹಂದರ. ಬೆಂಕಿ ಬಿದ್ದರೆ ಉಕ್ಕು ಮೆತ್ತಗಾಗಿ ಬಾಗುತ್ತದೆ. ಹಾಗಾಗಬಾರದೆಂದು ತೊಲೆ-ಕಂಬಗಳ ಮೇಲೆಲ್ಲ ಕಲ್ನಾರನ್ನು ಪಿಚಕಾರಿಯಲ್ಲಿ ಹೊಡೆದ ಹಾಗೆ ಹೊಡೆದಿದ್ದರು. ಅದು ಗೋಡೆಗೆ ಅಂಟಿಸಿದ ಹತ್ತಿಯ ಹಾಗೆ ಸಡಿಲ. ಗಾಳಿಯಾಡಿದರೂ, ನಡುಗಿದರೂ ಉದುರುತ್ತದೆ. ಉಸಿರಲ್ಲಿ ಒಳಗೆ ಹೋದ ಎಳೆ ಶ್ವಾಸಕೋಶದಲ್ಲಿ ಕರಗುವುದಿಲ್ಲ. ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಆದ ಮೇಲೆ ಕ್ಯಾನ್ಸರ್ ಆಗಿ ಬರಬಹುದು. ಸಿಂಪಡಿಸುವ ಈ ವಿಧಾನವನ್ನು ಪೂರ್ವ ಜರ್ಮನಿಯೇ 1969ರಲ್ಲಿ ನಿಷೇಧಿಸಿತ್ತು. ತನ್ನ ಅರಮನೆಗೆ ಮಾತ್ರ ವಿಶೇಷ ಅನುಮತಿ ಕೊಟ್ಟುಕೊಂಡಿತು. ಎರಡೂವರೆ ವರ್ಷದಲ್ಲಿ ಮುಗಿಸುವ ಅವಸರ ಇತ್ತಲ್ಲ.

ಜರ್ಮನಿ 1993ರಲ್ಲಿ ಕಲ್ನಾರನ್ನು ನಿಷೇಧಿಸಿತು. ನಮ್ಮಲ್ಲಿ ಬಿಳಿ ಕಲ್ನಾರಿನ ಶೀಟು ಇನ್ನೂ ಅಂಗಡಿಯಲ್ಲಿ ಸಿಗುತ್ತದೆ. ಮನೆಯಲ್ಲಿದ್ದರೆ ಅದಕ್ಕೆ ನೀವೇ ಡ್ರಿಲ್ ಹಾಕಬೇಡಿ, ಒಣ ಪೊರಕೆಯಲ್ಲಿ ಅದರ ಪುಡಿ ಗುಡಿಸಬೇಡಿ, ತೆಗೆಸುವಾಗ ನೀರು ಹೊಡೆದು ಒದ್ದೆ ಮಾಡಿಸಿ, ಒಡೆಯದೆ ಇಡೀ ಹಾಳೆಯಾಗೇ ಇಳಿಸಿ.

ಅಂದರೆ ಕಲ್ನಾರು ಇತ್ತು ಅಂತ ಕೆಡವಿದರು, ಸರಿ ತಾನೆ?

ಇಲ್ಲಿಗೆ ಬಂದಾಗ ನನ್ನ ಧ್ವನಿ ಸ್ವಲ್ಪ ಜೋರಾಗುತ್ತದೆ, ಹೆಂಡತಿ ತೋಳು ತಿವಿಯುತ್ತಾಳೆ.

ತಾರೀಖುಗಳನ್ನು ನೋಡಿ. ಕಲ್ನಾರು ತೆಗೆಯುವ ಕೆಲಸ 1990ರ ದಶಕದ ಕೊನೆಗೆ ಶುರುವಾಗಿ 2003ರಲ್ಲಿ ಮುಗಿಯಿತು. ವರ್ಷಗಟ್ಟಲೆ ದುಡ್ಡು ಸುರಿದು, ಒಳಗಿನ ಗಾಜು, ದೀಪ, ಗೋಡೆ, ಕುರ್ಚಿ ಎಲ್ಲ ಕಿತ್ತು, ಉಕ್ಕು-ಕಾಂಕ್ರೀಟಿನ ಹಂದರವನ್ನು ಶುದ್ಧ ಮಾಡಿದರು. ಕೆಡವಬೇಕು ಅಂತ ಒಂದಾದ ಜರ್ಮನಿಯ ಸಂಸತ್ತು ತೀರ್ಮಾನಿಸಿದ್ದು ಆಮೇಲೆ, ಅದೇ 2003ರ ನವೆಂಬರ್‌ನಲ್ಲಿ. ಕಾಯಿಲೆ ವಾಸಿ ಮಾಡಿ, ಡಿಸ್ಚಾರ್ಜ್ ಮಾಡುವ ದಿನ ಕತ್ತು ಹಿಸುಕಿದ ಹಾಗೆ. ಒಡೆಯುವಾಗ ಮೂಲೆ ಮೊಡಕಿನಲ್ಲಿ ಇನ್ನಷ್ಟು ಕಲ್ನಾರು ಸಿಕ್ಕಿ ಕೆಲಸ ತಡವಾಯಿತು ಅನ್ನುವುದೂ ನಿಜ, ಅದನ್ನು ಮುಚ್ಚಿಡುವುದಿಲ್ಲ.

ಆದರೆ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ಪಶ್ಚಿಮ ಬರ್ಲಿನ್‌ನಲ್ಲಿ 1979ರಲ್ಲಿ ತೆರೆದ ಐಸಿಸಿ ಅನ್ನುವ ಸಮ್ಮೇಳನ ಕಟ್ಟಡ ಇದೆ, ಬೆಳ್ಳಿ ಬಣ್ಣದ ಅಂತರಿಕ್ಷ ನೌಕೆಯಂಥದ್ದು. ಅದರಲ್ಲೂ ಕಲ್ನಾರು. 2014ರಲ್ಲಿ ಮುಚ್ಚಿದರು, ಆದರೆ ಕೆಡವಲಿಲ್ಲ. 2019ರಲ್ಲಿ ಸಂರಕ್ಷಿತ ಸ್ಮಾರಕದ ಪಟ್ಟಿಗೇ ಸೇರಿಸಿದರು. ಒಂದೇ ಕಾಯಿಲೆ, ಎರಡು ಊರಿನ ಇಬ್ಬರು ರೋಗಿಗಳು. 1950ರಲ್ಲಿ ಬಾಂಬಿನ ಹಾನಿ ನೆಪವಾದ ಹಾಗೆ ಈ ಸಲ ಕಲ್ನಾರು ನೆಪವಾಯಿತು ಅಂತಲೇ ನಾನು ಹೇಳುವುದು.

ಹಾಗಾದರೆ ನಿಜವಾಗಿ ಬೇಡವಾದದ್ದು ಯಾರಿಗೆ?

ಒಬ್ಬರಿಗೆ ಅಂತ ಬೊಟ್ಟು ಮಾಡುವುದು ಕಷ್ಟ. ಹ್ಯಾಂಬರ್ಗ್ ಕಡೆಯ ಕೃಷಿ ಯಂತ್ರಗಳ ವ್ಯಾಪಾರಿ ವಿಲ್‌ಹೆಲ್ಮ್ ಫಾನ್ ಬೊಡ್ಡೀನ್ ಅನ್ನುವವರಿಗೆ ಹಳೇ ಅರಮನೆಯ ಹುಚ್ಚು. 1993ರಲ್ಲಿ ಅವರು ಇಲ್ಲಿ ಕಂಬ ನೆಟ್ಟು, ಅರಮನೆಯ ಮುಖವನ್ನು ಅದರ ಅಳತೆಯಲ್ಲೇ ಬಟ್ಟೆಯ ಮೇಲೆ ಬರೆಸಿ ತೂಗಿಬಿಟ್ಟರು. ಥೇಟ್ ನಮ್ಮ ಕಂಪನಿ ನಾಟಕದ ಪರದೆ. ಗಣರಾಜ್ಯದ ಅರಮನೆಯ ಪಕ್ಕ ಕನ್ನಡಿ ಹಿಡಿದು, ಪರದೆ ಇನ್ನೂ ಉದ್ದ ಕಾಣುವ ಹಾಗೆ ಮಾಡಿದ್ದರು. ಒಂದು ವರ್ಷಕ್ಕೂ ಹೆಚ್ಚು ಅದು ನಿಂತಿತ್ತು. ಅದನ್ನು ನೋಡಿದ ಎಷ್ಟೋ ಜನರಿಗೆ "ಇದೇ ಇರಬೇಕಿತ್ತು" ಅನಿಸಿಬಿಟ್ಟಿತು. ವಾದ ಗೆಲ್ಲಲು ಪರದೆಗಿಂತ ದೊಡ್ಡ ಅಸ್ತ್ರ ಇಲ್ಲ.

ಆಮೇಲೆ ತಜ್ಞರ ಸಮಿತಿ ಕೂತಿತು, ಬರೋಕ್ ಮುಖದ ಪರವಾಗಿ ಕೂದಲೆಳೆಯ ಬಹುಮತ ಬಂತು, 2002ರ ಜುಲೈನಲ್ಲಿ ಸಂಸತ್ತು ದೊಡ್ಡ ಬಹುಮತದಿಂದ ಒಪ್ಪಿತು. ವಿಚಿತ್ರ ಅಂದರೆ, ಏನು ಕಾಣಬೇಕು ಅನ್ನುವುದು ಗೊತ್ತಾಗಿತ್ತು. ದುಡ್ಡು ಎಲ್ಲಿಂದ, ಯಾವಾಗ ಅನ್ನುವುದು ಗೊತ್ತಾಗುವ ಮೊದಲೇ ಇದ್ದದ್ದನ್ನು ತೆಗೆಯಲು ಮತ ಬಿತ್ತು. ಜಾಗ ಖಾಲಿಯಾದದ್ದು ಹಾಗೆ. ತಾನಾಗಿ ಆದದ್ದಲ್ಲ.

ಕೆಡವುವ ಮೊದಲು ಸುಮ್ಮನೆ ಬಿದ್ದಿತ್ತಾ?

ಆ ಎರಡು-ಮೂರು ವರ್ಷದ ಕಥೆ ಕೇಳಿದಾಗಲೆಲ್ಲ ನಾನು ತಡವಾಗಿ ಬಂದೆನಲ್ಲ ಅಂತ ಹೊಟ್ಟೆ ಉರಿಯುತ್ತದೆ. ಬರಿಯ ಹಂದರವಾಗಿದ್ದ ಕಟ್ಟಡವನ್ನು ಕಲಾವಿದರು ಕೇಳಿ ಪಡೆದುಕೊಂಡರು. 2004ರಲ್ಲಿ ಕೆಳಗಿನ ಅಂತಸ್ತಿಗೆ ನೀರು ತುಂಬಿಸಿ, ರಬ್ಬರ್ ದೋಣಿಯಲ್ಲಿ ಜನರನ್ನು ಕೂರಿಸಿ, ತುಕ್ಕು ಹಿಡಿದ ಕಂಬಗಳ ನಡುವೆ ತೇಲಿಸಿದರು. ನಾಟಕ, ನೃತ್ಯ, ಉಕ್ಕನ್ನೇ ವಾದ್ಯ ಮಾಡಿಕೊಂಡ ಬ್ಯಾಂಡಿನ ಕಛೇರಿ, ಎಲ್ಲ ನಡೆದವು. 2005ರಲ್ಲಿ ನಾರ್ವೆಯ ಕಲಾವಿದ ಲಾರ್ಸ್ ರಾಮ್‌ಬರ್ಗ್ ಕಟ್ಟಡದ ನೆತ್ತಿಯ ಮೇಲೆ ದೈತ್ಯಾಕಾರದ ಹೊಳೆಯುವ ಅಕ್ಷರಗಳಲ್ಲಿ ಒಂದೇ ಪದ ನಿಲ್ಲಿಸಿದ: "ತ್ಸ್ವೈಫೆಲ್". ಅನುಮಾನ ಅಂತ. ರಾತ್ರಿ ಊರ ನಡುಮಧ್ಯೆ ಬೆಳ್ಳಗೆ ಉರಿಯುವ ಅನುಮಾನ. ಕಟ್ಟಡ ಯಾವುದಕ್ಕೂ ಬರುವುದಿಲ್ಲ ಅಂತ ಹೇಳುತ್ತಿದ್ದವರಿಗೆ ಆ ವರ್ಷಗಳು ಕಸಿವಿಸಿ ಮಾಡಿರಬೇಕು.

(ಮಾವನ ಪ್ರಶ್ನೆ) ಡೈನಮೈಟ್ ಇಟ್ಟು ಒಂದೇ ದಿನ ಉರುಳಿಸುವುದು ಬಿಟ್ಟು ಮೂರು ವರ್ಷ ಯಾಕೆ?

ಎರಡು ಕಾರಣ. ಒಂದು, ರಸ್ತೆಯಾಚೆಗೆ ಕ್ಯಾಥೆಡ್ರಲ್. ನೆಲ ನಡುಗಿದರೆ ಅದರ ಬುಡಕ್ಕೆ ಪೆಟ್ಟು.

ಎರಡನೆಯದು ಇನ್ನೂ ಸೊಗಸು. ಬರ್ಲಿನ್ ನಿಂತಿರುವುದು ಮರಳು, ಜೌಗಿನ ಮೇಲೆ. ಸ್ವಲ್ಪ ಅಗೆದರೆ ನೀರು. (ಊರಲ್ಲಿ ಅಲ್ಲಲ್ಲಿ ತಲೆಯ ಮೇಲೆ ಹಾದುಹೋಗುವ ಗುಲಾಬಿ, ನೀಲಿ ದಪ್ಪ ಪೈಪುಗಳು ಕಾಣುತ್ತವಲ್ಲ, ಅವು ಕಟ್ಟಡದ ಗುಂಡಿಗಳಿಂದ ಅಂತರ್ಜಲ ಹೊರಗೆ ಸಾಗಿಸುವವು. ಅದೇನು ಅಂತ ಕೇಳದವರೇ ಇಲ್ಲ.) ಗಣರಾಜ್ಯದ ಅರಮನೆಯ ನೆಲಮಾಳಿಗೆ ಅಂತರ್ಜಲದೊಳಗೆ ಮುಳುಗಿಸಿಟ್ಟ ಕಾಂಕ್ರೀಟಿನ ದೊಡ್ಡ ತೊಟ್ಟಿ. ಮೇಲಿನ ಕಟ್ಟಡದ ಭಾರವೇ ಅದನ್ನು ಕೆಳಗೆ ಅದುಮಿ ಹಿಡಿದಿತ್ತು. ಖಾಲಿ ಕೊಡವನ್ನು ಹೊಂಡದ ನೀರಿಗೆ ಒತ್ತಿ ಕೈಬಿಟ್ಟರೆ ಏನಾಗುತ್ತೆ? ಮೇಲಿನ ಭಾರ ತೆಗೆದರೆ ತೊಟ್ಟಿಯೂ ಹಾಗೇ ಏಳುತ್ತಿತ್ತು, ಜತೆಗೆ ಸುತ್ತಲ ನೆಲವನ್ನೂ ಕದಲಿಸುತ್ತಿತ್ತು. ಹಾಗಾಗಿ ಮೇಲೆ ತೆಗೆದ ಹಾಗೆ ಕೆಳಗೆ ನೀರು ಬೆರೆಸಿದ ಮರಳು ತುಂಬಿಸುತ್ತಾ ಹೋದರು. ತೂಕಕ್ಕೆ ತೂಕ. "ಕೆಡವೋದಕ್ಕೂ ತುಂಬಬೇಕಾಯ್ತಲ್ಲ" ಅಂತ ಮಾವ ಬಹಳ ಹೊತ್ತು ನಕ್ಕರು.

2006ರ ಫೆಬ್ರವರಿ 6ರಂದು ಶುರು. ಕೊನೆಗೆ ಉಳಿದದ್ದು ಮೆಟ್ಟಿಲುಗಳಿದ್ದ ಕಾಂಕ್ರೀಟಿನ ಗೋಪುರಗಳು, ಸುತ್ತ ಏನೂ ಇಲ್ಲದೆ, ಎಲ್ಲಿಗೂ ಹೋಗದ ಮೆಟ್ಟಿಲು. 2008ರ ಡಿಸೆಂಬರ್‌ನಲ್ಲಿ ಅವೂ ಹೋದವು.

ಅಷ್ಟೊಂದು ಕಬ್ಬಿಣ ಏನು ಮಾಡಿದರು?

ಕರಗಿಸಿ ಮಾರಿದರು. ಒಂದಷ್ಟು ದುಬೈನ ಬುರ್ಜ್ ಖಲೀಫಾಕ್ಕೆ ಹೋಯಿತೆಂದು, ಇನ್ನೊಂದಷ್ಟು ಫೋಕ್ಸ್‌ವಾಗನ್ ಕಾರಿನ ಎಂಜಿನ್ ಆಯಿತೆಂದು ಇಲ್ಲಿನ ಪತ್ರಿಕೆಗಳು ಬರೆದವು. ದುಬೈ ಮೂಲಕ ಬಂದವರಿಗೆ ಇದನ್ನು ಹೇಳಿದರೆ ಖುಷಿಪಡುತ್ತಾರೆ.

ಖಾಲಿ ಬಿದ್ದಾಗ ಅಲ್ಲಿ ಏನಿತ್ತು? ಬೇಲಿ ಹಾಕಿದ್ದರಾ?

ಹುಲ್ಲಿತ್ತು. 2009ರಲ್ಲಿ ಬಯಲಿಗೆ ಹುಲ್ಲು ಹಾಸಿ, ನಡುವೆ ಮರದ ಹಲಗೆಯ ದಾರಿಗಳನ್ನು ಮಾಡಿದರು. ಅದಕ್ಕೂ ಮೊದಲಿಂದ, 2008ರಿಂದ 2010ರ ತನಕ, ಒಂದು ಮೂಲೆಯಲ್ಲಿ ತಾತ್ಕಾಲಿಕ ಚಿತ್ರಶಾಲೆ, ಹೊರಗೋಡೆಯ ಮೇಲೆ ಮೊದಲಿಗೆ ನೀಲಿ-ಬಿಳಿ ಮೋಡದ ಚಿತ್ರ. ಇನ್ನೊಂದು ಬದಿಯಲ್ಲಿ ಪುರಾತತ್ವದವರ ಗುಂಡಿ: ಹಳೇ ಅರಮನೆಯ ನೆಲಮಾಳಿಗೆಯ ಇಟ್ಟಿಗೆ ಗೋಡೆಗಳು ಹೊರಗೆ ಬಂದು ಬಿಸಿಲು ಕಾಯಿಸಿಕೊಳ್ಳುತ್ತಿದ್ದವು.

ನಾನು ಬಂದ ಮೊದಲ ಬೇಸಿಗೆ, ಕೆಲಸ ಇನ್ನೂ ಸರಿಯಾಗಿ ಸಿಕ್ಕಿರಲಿಲ್ಲ, ಗುರುತಿನವರು ಇರಲಿಲ್ಲ. ಕಾಸಿಲ್ಲದೆ ಕೂರಬಹುದಾದ ಜಾಗ ಅದೊಂದೇ ಅನಿಸಿ ಸಂಜೆ ಹೋಗಿ ಬಿದ್ದುಕೊಳ್ಳುತ್ತಿದ್ದೆ. ಒಂದು ದಿನ ಚಿತ್ರಾನ್ನದ ಡಬ್ಬಿ ಬಿಚ್ಚಿದೆ. ಪಕ್ಕದಲ್ಲಿ ಒಬ್ಬ ಹುಡುಗ ಗಿಟಾರ್ ಶ್ರುತಿ ಮಾಡುತ್ತಲೇ ಇದ್ದ, ನುಡಿಸಲೇ ಇಲ್ಲ. ಎಡಕ್ಕೆ ಕ್ಯಾಥೆಡ್ರಲ್‌ನ ಗಂಟೆ, ಎದುರಿಗೆ ಟಿವಿ ಗೋಪುರದ ಗುಂಡು, ಬಲಕ್ಕೆ ಆ ಒಂಟಿ ಬಾಲ್ಕನಿ. ಹುಲ್ಲಿನ ಕೆಳಗೆ ಮಣ್ಣು ತೆಳ್ಳಗೆ. ಬೆರಳಾಡಿಸಿದರೆ ಬೇಗ ಮರಳು ಸಿಗುತ್ತಿತ್ತು. ಇದು ಕೊಡ ಮುಳುಗಿಸಿಡಲು ತುಂಬಿದ ಮರಳಿರಬಹುದೇ ಅಂತ ಆಗ ಹೊಳೆಯಲಿಲ್ಲ, ಈಗ ಹೊಳೆಯುತ್ತದೆ. ಊರಿನ ನಟ್ಟನಡುವೆ ಅಷ್ಟಗಲ ಆಕಾಶ ನಾನು ಮತ್ತೆ ಇಲ್ಲಿ ನೋಡಿಲ್ಲ.

ಹಾಗೇ ಬಿಡಬಹುದಿತ್ತಲ್ಲ?

ಆ ಕಾಲದಲ್ಲಿ ಹಾಗೆ ಹೇಳುವವರು ಬೇಕಾದಷ್ಟು ಜನ ಇದ್ದರು. 2010ರಲ್ಲಿ ಸರ್ಕಾರ ಖರ್ಚು ಕಡಿತ ಮಾಡಿ ಅರಮನೆ ಕೆಲಸ ಮುಂದೂಡಿದಾಗ, ಹುಲ್ಲೇ ಉಳಿಯುತ್ತದೆ ಅಂತ ನಮಗೂ ಆಸೆ ಬಂದಿತ್ತು. 2011ರಲ್ಲಿ 59 ಕೋಟಿ ಯೂರೊಗೆ ಒಪ್ಪಿಗೆ ಸಿಕ್ಕಿತು; ಅದೇ ಬೇಸಿಗೆ ಹುಂಬೋಲ್ಟ್ ಬಾಕ್ಸ್ ಅನ್ನುವ ಸೊಟ್ಟಪಟ್ಟ ಡಬ್ಬದಂಥ ಮಾಹಿತಿ ಕೇಂದ್ರ ಎದ್ದು ನಿಂತಿತು. ಆಮೇಲೆ ಬೇಲಿ ಬಂತು.

ಕೊನೆಗೆ ಖರ್ಚೆಷ್ಟಾಯ್ತು?

ಸುಮಾರು 68 ಕೋಟಿ ಯೂರೊ. ಅದರಲ್ಲಿ 10 ಕೋಟಿಗೂ ಹೆಚ್ಚು ದೇಣಿಗೆ, ಮುಖ್ಯವಾಗಿ ಹೊರಗಿನ ಕೆತ್ತನೆಗೆ. ರೂಪಾಯಿಗೆ ನೀವೇ ಗುಣಿಸಿಕೊಳ್ಳಿ, ನಾನು ಬಿಟ್ಟುಬಿಟ್ಟಿದ್ದೇನೆ.

ನಮ್ಮ ಮೈಸೂರು ಅರಮನೆಯನ್ನೂ ಸುಟ್ಟ ಮೇಲೆ ಮತ್ತೆ ಕಟ್ಟಿದ್ದಲ್ಲವಾ? ಇದರಲ್ಲೇನು ತಪ್ಪು?

ಮೈಸೂರಿನವರು ಬಂದರೆ ಈ ಪ್ರಶ್ನೆ ಗ್ಯಾರಂಟಿ. ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆ ಹೊತ್ತಿಗೆ ಸುಟ್ಟಿತು, ಹೆನ್ರಿ ಇರ್ವಿನ್ ಹೊಸದು ಕಟ್ಟಿ 1912ರಲ್ಲಿ ಮುಗಿಸಿದ. ಆದರೆ ಅಲ್ಲಿ ಬೆಂಕಿ ಕೆಡವಿದ್ದು, ಮತ ಹಾಕಿ ಕೆಡವಿದ್ದಲ್ಲ. ಕಟ್ಟಿದ್ದೂ ತಮ್ಮ ಕಾಲದ ಅರಮನೆ, ಒಳಗೆ ರಾಜರೇ ಇದ್ದರು. ಇಲ್ಲಿ ರಾಜ ಹೋಗಿ ನೂರು ವರ್ಷ ಆದ ಮೇಲೆ ರಾಜನ ಮನೆಯ ಮುಖ ಬಂದಿದೆ. 2020ರಲ್ಲಿ ಗುಮ್ಮಟದ ಮೇಲೆ ಶಿಲುಬೆಯನ್ನೂ ಏರಿಸಿದರು, ಒಳಗೆ ಏಷ್ಯಾ, ಆಫ್ರಿಕಾದ ಸಂಗ್ರಹ ಇಟ್ಟುಕೊಂಡು. ಅದರ ಜಗಳ ಇನ್ನೂ ಆರಿಲ್ಲ.

ಹಾಗಂತ ಕೆತ್ತನೆ ಕೆಲಸವನ್ನು ನಾನು ಹಗುರ ಮಾಡುವುದಿಲ್ಲ. ಶ್ಲ್ಯೂಟರ್ ಅಂಗಳದಲ್ಲಿ ಬೆಳಗ್ಗೆ ಓರೆ ಬಿಸಿಲು ಬಿದ್ದಾಗ ನೋಡಿ, ಕೈಕೆಲಸ ಅಂದರೆ ಕೈಕೆಲಸ.

ಸಾಂಚಿಯ ತೋರಣ ಇಲ್ಲೇಕಿದೆ?

ಅದು ಪ್ರತಿ. 2022ರ ಕೊನೆಯಲ್ಲಿ ಕಟ್ಟಡದ ಹೊರಗೆ ನಿಲ್ಲಿಸಿದ್ದು. ಅಸಲು ಮಧ್ಯಪ್ರದೇಶದಲ್ಲೇ ಭದ್ರವಾಗಿದೆ, ಗಾಬರಿ ಬೇಡ.

ಬೆಂಗಳೂರಿನಲ್ಲೂ ಹೀಗೆ ಎಷ್ಟು ಹೋಗಿಲ್ಲ? ಇದಕ್ಕೆ ಯಾಕಿಷ್ಟು ತಲೆ ಕೆಡಿಸಿಕೊಳ್ಳಬೇಕು?

ಹೋಗಿವೆ. ಎಂ.ಜಿ. ರಸ್ತೆಯ ಪ್ಲಾಜಾ ಚಿತ್ರಮಂದಿರ ಇದ್ದಲ್ಲಿ ಮೆಟ್ರೊ ನಿಲ್ದಾಣ, ಗಾಂಧಿನಗರದಲ್ಲಿ ಕಪಾಲಿ ಚಿತ್ರಮಂದಿರ ಇಲ್ಲ. ನಮ್ಮಲ್ಲಿ ಕೆಡವುವಾಗ ಕಾರಣ ಹುಡುಕುವ ತಾಪತ್ರಯವೂ ಇಲ್ಲ, ರಸ್ತೆ ಅಗಲ ಅಥವಾ ಮಾಲೀಕರ ಲೆಕ್ಕ, ಮುಗಿಯಿತು. ಇಲ್ಲಿ ಹದಿನಾರು ವರ್ಷ ವಾದ ಮಾಡಿ ಕೆಡವಿದರು. ಯಾವುದು ಮೇಲು ಅಂತ ನನ್ನನ್ನು ಕೇಳಬೇಡಿ, ಆದರೆ ಆ ವಾದದ ಕಾಗದಪತ್ರ ಎಲ್ಲ ಇದೆ, ಓದಿ ಜಗಳ ಆಡಬಹುದು.

ಗಣರಾಜ್ಯದ ಅರಮನೆಯದು ಏನಾದರೂ ಉಳಿದಿದೆಯಾ? ಎಲ್ಲಿ ನೋಡಬೇಕು?

ಮೆಟ್ರೊ 5ನೇ ಸಾಲಿನಲ್ಲಿ ಮ್ಯೂಸಿಯಮ್ಸ್‌ಇನ್ಸೆಲ್ ನಿಲ್ದಾಣಕ್ಕೆ ಬನ್ನಿ. ನೀಲಿ ಚಾವಣಿಯಲ್ಲಿ 6,662 ದೀಪದ ಚುಕ್ಕಿಗಳಿವೆ, ಮಕ್ಕಳಿದ್ದರೆ ಎಣಿಸಲು ಬಿಡಿ. ಮೇಲೆ ಬಂದು ಮೊದಲು ಬಲಭಾಗದ ಹಳೇ ಸರ್ಕಾರಿ ಕಟ್ಟಡದ ಆ ಬಾಲ್ಕನಿ ನೋಡಿ, ಆಮೇಲೆ ಎದುರಿನ ಹೊಸ ಅರಮನೆಯ ಉತ್ತರ ಬದಿಗೆ ಹೋದರೆ ಅದೇ ಬಾಗಿಲಿನ ಹೊಸ ಪ್ರತಿ ಕಾಣುತ್ತದೆ. ಅಸಲು ಬಾಗಿಲು ನಕಲಿ ಜಾಗದಲ್ಲಿ, ನಕಲಿ ಬಾಗಿಲು ಅಸಲು ಜಾಗದಲ್ಲಿ. ಅಂಗಳಕ್ಕೆ ಟಿಕೆಟ್ ಬೇಡ. ಕೆಳಗಿನ ಅಂತಸ್ತಿನಲ್ಲಿ ಹಳೇ ನೆಲಮಾಳಿಗೆಯ ಇಟ್ಟಿಗೆಗಳನ್ನು ಉಳಿಸಿ ತೋರಿಸಿದ್ದಾರೆ.

ಗಣರಾಜ್ಯದ ಅರಮನೆ ನಿಂತಿದ್ದದ್ದು ಜಾಗದ ಪೂರ್ವ ಭಾಗದಲ್ಲಿ, ನದಿಗೆ ಆತುಕೊಂಡು. 2024ರಲ್ಲಿ ಹೊಸ ಕಟ್ಟಡದೊಳಗೇ ಅದರ ಬಗ್ಗೆ ದೊಡ್ಡ ಪ್ರದರ್ಶನ ಏರ್ಪಡಿಸಿದ್ದರು. ಎರಡನೇ ಮಹಡಿಯ ಅಜ್ಜಿಯನ್ನು ಕರೆದುಕೊಂಡು ಹೋಗಿದ್ದೆ. ಎಲ್ಲ ನಿಧಾನಕ್ಕೆ ನೋಡಿದರು. ಹೊರಗೆ ಬಂದು ನದಿ ದಂಡೆಯ ಕಟ್ಟೆಯ ಮೇಲೆ ಕೂತು, ಆ ಚೌಕ ಚೌಕ ಗೋಡೆಯ ಕಡೆ ಕೈ ತೋರಿಸಿ, ಬೌಲಿಂಗ್ ಎಲ್ಲಿತ್ತು, ಕೋಟು ಕಳಚಿ ಕೊಡುವ ಕಿಟಕಿ ಎಲ್ಲಿತ್ತು, ಐಸ್‌ಕ್ರೀಮಿಗೆ ಸಾಲು ಎಲ್ಲಿಂದ ಶುರುವಾಗುತ್ತಿತ್ತು ಅಂತ ಹೇಳುತ್ತಾ ಹೋದರು. ನಾನು ಅವರ ಬೆರಳಿನ ತುದಿಯನ್ನೇ ನೋಡುತ್ತಿದ್ದೆ. ನಡುವೆ ಒಂದು ಕಡೆ ಕೈ ತಡೆದು, "ಅಲ್ಲ, ಇನ್ನೂ ಸ್ವಲ್ಪ ಎಡಕ್ಕೆ" ಅಂದರು.